ಚಿತ್ರಕ್ಕೆ ತಂದ ಬಾದಾಮಿ

ಪೊಟ್ಟಣದ ಮೇಲಿನ ಚಿತ್ರಕ್ಕಾಗಿ ಮೇಜು ಸಿಂಗರಿಸುವುದು ಅವಳ ಕೆಲಸ. 'ಆರೋಗ್ಯದ ಬಿಸ್ಕತ್ತಿ'ನ ಸುತ್ತ ನಿಜವಾದ ಬಾದಾಮಿ, ಜೇನು, ಸೇಬು ಜೋಡಿಸುತ್ತಿದ್ದಳು. ಬಿಸ್ಕತ್ತಿನೊಳಗೆ ಇದ್ದದ್ದು ಮೈದಾ, ಸಕ್ಕರೆ ಮತ್ತು ಬಾದಾಮಿಯ ವಾಸನೆ ಮಾತ್ರ.

ಈ ಸಲ ಕಂಪನಿಯ ಯಜಮಾನರಿಗೆ ಚಿತ್ರದಲ್ಲಿ ಮಗುವೂ ಬೇಕಿತ್ತು. "ನಿನ್ನ ಮಗಳನ್ನೇ ಕೂರಿಸಮ್ಮ. 'ನಮ್ಮಮ್ಮ ದಿನಾ ಇದನ್ನೇ ಕೊಡ್ತಾಳೆ' ಅಂತ ಕೆಳಗೆ ಹಾಕಿಸೋಣ," ಎಂದಿದ್ದರು. ಬೇಡವೆಂದರೆ ಕೆಲಸ ಹೋದೀತೆಂದು ಹೆದರಿ, ಅವಳು ಮಗಳಿಗೆ ಜಡೆ ಹೆಣೆದು ಕರೆತಂದಿದ್ದಳು.

ದೀಪ ಹೊಂದಿಸುತ್ತಿರುವಾಗ ಯಜಮಾನರ ಹೆಂಡತಿ ಮೊಮ್ಮಗನೊಂದಿಗೆ ಬಂದರು. ಅವನು ಬಿಸ್ಕತ್ತಿಗೆ ಕೈಚಾಚಿದ. ಯಜಮಾನರು ಅವನ ಕೈ ತಟ್ಟಿ ಸರಿಸಿದರು. "ಛೀ, ಅದು ಬೇಡ ಕಂದಾ, ಹೊಟ್ಟೆ ಕೆಡುತ್ತೆ. ತಾತ ಬಾದಾಮಿ ಕೊಡ್ತೀನಿ."

ಇಂಥವನ ಮುಂದೆ ಇಷ್ಟು ವರ್ಷ ತಲೆ ತಗ್ಗಿಸಿದ್ದೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

"ಮೊಮ್ಮಗನ್ನೇ ಕೂರಿಸಿ ಸಾರ್, ಮುದ್ದಾಗಿದಾನೆ."

"ಏನಮ್ಮ, ತಮಾಷೆನಾ?"

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ತಮಾಷೆ ಸಾರ್. ನನ್ನ ಮಗಳು ಕೂರಲ್ಲ."

"ಹಾಗಾದ್ರೆ ನಾಳೆಯಿಂದ ಬರಬೇಡ."

"ಇವತ್ತೇ ಹೊರಟೆ."

ಮೇಜಿನ ಮೇಲಿನ ಬಾದಾಮಿಯನ್ನೆಲ್ಲ ಬಾಚಿ ಮಗಳ ಫ್ರಾಕಿನ ಜೇಬಿಗೆ ತುಂಬಿದಳು. ಜೇನು, ಸೇಬು ಚೀಲಕ್ಕೆ ಹೋದವು. ಉರಿಯುವ ದೀಪಗಳ ಕೆಳಗೆ ಬಿಸ್ಕತ್ತು ಒಂಟಿಯಾಗಿ, ಇದ್ದ ಹಾಗೆಯೇ ಕಾಣುತ್ತಿತ್ತು.