ಇಪ್ಪತ್ತನೇ ನಿಮಿಷದ ಬೈಗುಳ

"ಏನೇ ಮಹಾರಾಣಿ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹೊರಗೆ ಬಂದ್ಬಿಟ್ಯಲ್ಲ? ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ?"

ಬೆಚ್ಚಪ್ಪ ಹೀಗೆ ಕೂಗಿದ್ದು ನನ್ನ ಅಕ್ಕನಿಗೆ. ಅವನು ನಮ್ಮ ಮೇಸ್ತ್ರಿ. ನಾವು ಮೀನಿನ ಪೆಟ್ಟಿಗೆ ಹೊತ್ತು ಶೀತದ ಕೋಣೆಯಲ್ಲಿ ಪೇರಿಸುವಾಗ ಅವನು ಹೊರಗೆ ಹೀಟರಿಗೆ ಬೆನ್ನು ಕೊಟ್ಟು ಕೂತಿರುತ್ತಾನೆ. ಅದಕ್ಕೇ ಆ ಹೆಸರು. ಅವನ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿಲ್ಲ.

"ಗಂಟೆ ಹೊಡೀತು, ಬಂದೆ," ಅಂದಳು ಅಕ್ಕ.

ಒಂದು ಸಲಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಳಗಿರಬಾರದು ಎಂದು ಬಾಗಿಲ ಮೇಲೇ ಬೋರ್ಡಿದೆ. ಒಳಗೆ ಗಡಿಯಾರ ಮಾತ್ರ ಇಲ್ಲ. ಕೈ ಮರಗಟ್ಟಿದ ಮೇಲೆ ಎಷ್ಟು ಹೊತ್ತಾಯಿತೆಂದು ಯಾರಿಗೆ ಗೊತ್ತಾಗುತ್ತದೆ? ನನ್ನ ನಾದಿನಿಯೂ ನಮ್ಮ ಜೊತೆ ಪೆಟ್ಟಿಗೆ ಹೊರುವವಳೇ, ಮೊದಲು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದವಳು. ಅವಳೇ ಕೂತು ಒಂದು ಆ್ಯಪ್ ಬರೆದಳು. ಒಳಗೆ ಹೋಗುವಾಗ ಒತ್ತಿ ಕೋಟಿನಲ್ಲಿಟ್ಟುಕೊಂಡರೆ ಇಪ್ಪತ್ತನೇ ನಿಮಿಷಕ್ಕೆ ಗಂಟೆ. ಅಷ್ಟೇ. ಕೇಳಿದವರಿಗೆಲ್ಲ ಬಿಟ್ಟಿ ಕೊಟ್ಟಳು. ಫೋನಿಂದ ಫೋನಿಗೆ ದಾಟಿ ನಲವತ್ತು ಹೆಂಗಸರ ಕೋಟು ಸೇರಿತು.

ಒಂದು ಬೆಳಿಗ್ಗೆ ಬೆಚ್ಚಪ್ಪನಿಗೆ ನಮ್ಮ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

"ನಿಮ್ಮ ಹಳೇ ಆ್ಯಪ್ ಕೆಟ್ಟೋಗಿದೆಯಂತೆ. ಆಫೀಸಿನೋರು ಸರಿ ಮಾಡ್ಸಿ ಕೊಟ್ಟಿದಾರೆ. ಫೋನ್ ಕೊಡ್ರೇ."

ಗೇಟಿನಲ್ಲಿ ನಿಂತು ಒಬ್ಬೊಬ್ಬರ ಫೋನಿಗೂ ತಾನೇ ಹಾಕಿಕೊಟ್ಟ. ಅದೇ ಹೆಸರು, ಅದೇ ಬಣ್ಣ, ಅದೇ ಗಂಟೆ. ನಾದಿನಿ ಜ್ವರ ಬಂದು ಆ ವಾರ ಮನೆಯಲ್ಲಿ ಮಲಗಿದ್ದಳು. ನಾವು ಪೆದ್ದುಮುಂಡೇವು, ನಂಬಿದೆವು.

ಎಂಟನೇ ದಿನ ಅಕ್ಕನ ಬಲಗೈಯ ಕಿರುಬೆರಳು ಕಪ್ಪಾಯಿತು. ಸೂಜಿ ಚುಚ್ಚಿದರೂ ಅವಳಿಗೆ ತಿಳಿಯಲಿಲ್ಲ. ನಾದಿನಿ ಅವಳ ಫೋನು ಕಿತ್ತುಕೊಂಡು ಗೋಡೆ ಗಡಿಯಾರದ ಕೆಳಗೆ ಕೂತಳು. ಗಂಟೆ ಹೊಡೆದಾಗ ಫೋನಿನಲ್ಲಿ ಇಪ್ಪತ್ತು, ಗೋಡೆಯಲ್ಲಿ ಮೂವತ್ತು. ಒಂದೊಂದು ನಿಮಿಷವನ್ನೂ ತೊಂಬತ್ತು ಸೆಕೆಂಡಿಗೆ ಎಳೆದಿದ್ದರು.

ಮೂವರೂ ಹೋಗಿ ಬೆಚ್ಚಪ್ಪನ ಎದುರು ನಿಂತೆವು.

"ಬಿಟ್ಟಿ ಹಂಚಿದ್ದಕ್ಕೆ ವಾರಸುದಾರರು ಯಾರೇ?" ಎಂದು ನಕ್ಕ. "ಯಾರು ಬೇಕಾದ್ರೂ ತಿದ್ದಬಹುದು."

"ಬಿಟ್ಟಿ ಕೊಟ್ಟಿದ್ದು ಬಳಸ್ಲಿ ಅಂತ," ಅಂದಳು ನಾದಿನಿ. "ಕೆಡ್ಸಿ, ಅದೇ ಹೆಸ್ರಲ್ಲಿ ಹಂಚ್ಲಿ ಅಂತಲ್ಲ."

"ಹೋಗ್ಲಿ ಬಿಡೇ, ಒಂದು ಬೆರಳು ತಾನೇ? ಇನ್ನೂ ಒಂಬತ್ತಿದೆ."

ಆಗ ಅಕ್ಕ ಬಾಯಿ ತೆರೆದಳು. ಅವನ ಮೂರು ತಲೆಮಾರನ್ನು ಕರೆಸಿ, ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಅವರವರ ಪಾಲು ಕೊಟ್ಟಳು. ಅವತ್ತೇ ಅವಳನ್ನು ಕೆಲಸದಿಂದ ತೆಗೆದರು. ಮೂರು ದಿನಕ್ಕೆ ಆಸ್ಪತ್ರೆಯಲ್ಲಿ ಬೆರಳು ತೆಗೆದರು.

"ಆ್ಯಪಿಗೆ ಬೀಗ ಹಾಕ್ತೀನಿ," ಅಂದಳು ನಾದಿನಿ, ಅಕ್ಕನ ಹಾಸಿಗೆ ಪಕ್ಕ ಕೂತು. "ಅಸಲಿಗೆ ಒಂದು ಉದ್ದನೆ ನಂಬರ್ ಇರುತ್ತೆ. ಫೋನಿಗೆ ಹಾಕ್ಕೊಳ್ಳೋ ಮುಂಚೆ ಎಲ್ರೂ ಅದನ್ನ ತಾಳೆ ನೋಡ್ಬೇಕು."

"ಯಾರು ನೋಡ್ತಾರೆ? ನಮ್ಮಲ್ಲಿ ಅರ್ಧ ಜನಕ್ಕೆ ಬಸ್ಸಿನ ನಂಬರೇ ಕಾಣಲ್ಲ," ಅಂದೆ.

ಅಷ್ಟರಲ್ಲಿ ಅಕ್ಕನ ಗಾಯ ಚುಳ್ಳೆಂದಿತು. "ಬೆಚ್ಚಪ್ಪ ಬೋಳಿಮಗನೇ, ನಿನ್ನ ಹೀಟರ್ ಸಿಡಿದು ಅಂಡು ಸುಟ್ಟೋಗ!"

ನಾದಿನಿ ಫೋನು ಎತ್ತಿ ಅವಳ ಬಾಯಿ ಹತ್ತಿರ ಹಿಡಿದಳು. "ಅಕ್ಕ, ಇನ್ನೊಂದ್ಸಲ ಬೈಯಿ."

ಅವತ್ತಿನಿಂದ ಗಂಟೆ ಹೋಯಿತು, ಅಕ್ಕನ ಬೈಗುಳ ಬಂತು. ಒತ್ತಿದಾಗ ಒಂದು ಸಲ, ಇಪ್ಪತ್ತನೇ ನಿಮಿಷಕ್ಕೆ ಮತ್ತೆ. ವಾರಕ್ಕೊಂದು ಹೊಸದು. ಭಾನುವಾರ ಸಂಜೆ ನಮ್ಮ ಬೀದಿಯ ನಲ್ಲಿ ಹತ್ತಿರ ಅಕ್ಕ ಆ ವಾರದ್ದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತಾಳೆ. ಸೋಮವಾರ ಫೋನು ಅದನ್ನೇ ಬೈದರೆ ಅಸಲಿ. ಬೇರೆ ಏನೇ ಅಂದರೂ ನಕಲಿ, ಅಳಿಸು.

ಆಫೀಸಿನವರು ಸುಮ್ಮನಿರಲಿಲ್ಲ. ಮೊದಲು ಒಂದು ಜೇನಿನಂಥ ದನಿ ತಂದರು: "ದಯವಿಟ್ಟು ಹೊರಗೆ ಬನ್ನಿ, ಧನ್ಯವಾದಗಳು." ನಮಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆ ಕೋಣೆಯಲ್ಲಿ ನಮಗೆ ಧನ್ಯವಾದ ಹೇಳುವವರು ಯಾರು? ಆಮೇಲೆ ಅಕ್ಕನದನ್ನೇ ಕದ್ದರು. ಗೇಟಿನಲ್ಲಿ ಬೆಚ್ಚಪ್ಪ ನಿಂತು, ತನ್ನ ಅಂಡು ಸುಡುವ ಬೈಗುಳವನ್ನು ತನ್ನ ಕೈಯಾರೆ ನಲವತ್ತು ಫೋನಿಗೆ ತುಂಬಿದ. ಪಾಪ, ಅದು ಹೋದ ವಾರದ್ದು.

ಮೊನ್ನೆ ಧಣಿ ಶೀತದ ಕೋಣೆಗೇ ಬಂದಿದ್ದ, ಇಬ್ಬರು ಖರೀದಿದಾರರ ಜೊತೆ, ಮೂವರಿಗೂ ಮಂಡಿವರೆಗಿನ ಕೋಟು. ನಾವೆಲ್ಲ ಒಟ್ಟಿಗೆ ಒಳಗೆ ಹೋಗಿದ್ದೆವು. ಅವನು "ನಮ್ಮ ಕೆಲಸದೋರು ನಮ್ಮ ಮನೆಯವರಿದ್ದಂಗೆ" ಅನ್ನುವಾಗ ಇಪ್ಪತ್ತು ನಿಮಿಷ ತುಂಬಿತು. ನಲವತ್ತು ಎದೆಗಳಿಂದ ಅಕ್ಕ ಒಟ್ಟಿಗೆ ಬೈದಳು.

"ಲೋ ಧಣಿ, ಹಾಳಾದೋನೇ, ನಿನ್ ಮೀನು ನೀನೇ ಹೊತ್ಕೊಂಡು ಸಾಯಿ!"

"ಯಾರದು?" ಅಂದ ಧಣಿ.

ಬೆಚ್ಚಪ್ಪ ಬಾಗಿಲಲ್ಲಿ ನಡುಗುತ್ತಿದ್ದ. ಮೊದಲ ಸಲ ಅವನಿಗೆ ಚಳಿ ತಾಗಿತ್ತು. "ಅವಳನ್ನ ತೆಗೆದಾಕಿ ಎರಡು ತಿಂಗಳಾಯ್ತು ಸಾರ್. ಅವಳು ಇಲ್ಲಿ ಇಲ್ಲ."

ಫೋನು ಆರಿಸುವ ತನಕ ಅದು ಬೈಯುತ್ತಲೇ ಇರುತ್ತದೆ. ಯಾರೂ ಆರಿಸಲಿಲ್ಲ. ಪೆಟ್ಟಿಗೆಗಳನ್ನು ಧಣಿಯ ಕಾಲ ಬುಡದಲ್ಲಿ ಇಳಿಸಿ ಹೊರಟೆವು. ಬೆಚ್ಚಪ್ಪ ಅಡ್ಡ ನಿಂತ. ನಾನು ಬಲಗೈ ಎತ್ತಿ, ಕಿರುಬೆರಳು ಮಡಚಿ, ಅವನ ಮೂಗಿನ ಮುಂದೆ ಹಿಡಿದೆ. ಹಿಂದಿದ್ದವರೂ ಒಬ್ಬೊಬ್ಬರಾಗಿ ಹಾಗೇ ಕೈ ಎತ್ತಿದರು.

ಅವನು ಪಕ್ಕಕ್ಕೆ ಸರಿದ.