ಆರು ಕಣ್ಣಿನ ಕುಲ

ಸಂಗ್ರಹಾಲಯದ ಎರಡನೇ ಮಹಡಿಯ ಆ ಕೋಣೆಗೆ ಕಿಟಕಿ ಒಂದೇ. ಅದರ ಪಕ್ಕದ ಮೇಜಿನ ಮೇಲೆ ಸೂಕ್ಷ್ಮದರ್ಶಕ, ಗೋಡೆಯುದ್ದಕ್ಕೂ ಬೀರುಗಳು, ಬೀರುಗಳ ತುಂಬ ಸೀಸೆಯೊಳಗಿನ ಸತ್ತ ಜೇಡಗಳು. ಅವನ್ನು ನೋಡಿಕೊಳ್ಳುವವಳಿಗೆ ಐವತ್ತೊಂದು ವರ್ಷ. ಮನೆಯವರಿಗೆ ಅವಳು ಇನ್ನೂ ಪುಟ್ಟಿ. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವರು ಅವಳ ಸೋದರಮಾವ. ಅವಳಿಗೆ ಈ ಹುಚ್ಚು ಹಿಡಿಸಿದವರೂ ಅವರೇ.

ನಲವತ್ತು ವರ್ಷದ ಹಿಂದೆ ಮಾವ ಒಂದು ಹೊಸ ಕುಲಕ್ಕೆ ಹೆಸರಿಟ್ಟಿದ್ದರು. ಸಾಸಿವೆ ಕಾಳಿನಷ್ಟಿರುವ ಕಿತ್ತಳೆ ಬಣ್ಣದ ಜೇಡಗಳು. ಬಹುಪಾಲು ಜೇಡಗಳಿಗೆ ಎಂಟು ಕಣ್ಣಾದರೆ ಇವಕ್ಕೆ ಆರೇ, ಅವೂ ಒತ್ತೊತ್ತಾಗಿ. ಬಲೆ ನೇಯುವ ಗೋಜಿಗೆ ಹೋಗದೆ ತರಗೆಲೆಯ ಅಡಿಯಲ್ಲಿ ಓಡಾಡಿ ಬೇಟೆಯಾಡುವಂಥವು. ಹೊಟ್ಟೆಯ ಮೇಲೊಂದು, ಕೆಳಗೊಂದು ಗಟ್ಟಿ ಗುರಾಣಿ. ಆ ಗುರಾಣಿಯೇ ಈ ಕುಲದ ಮುಖ್ಯ ಲಕ್ಷಣ ಎಂದು ಮಾವ ಬರೆದರು. ಸಿಕ್ಕಿದ್ದೆಲ್ಲ ಗಂಡು. ಎಷ್ಟು ಹುಡುಕಿದರೂ ಹೆಣ್ಣು ಸಿಗಲಿಲ್ಲ. ಮಾವನೂ ಮದುವೆಯಾಗದೆ ಉಳಿದಿದ್ದರಿಂದ, ಇವನಿಗೂ ಇವನ ಜೇಡಕ್ಕೂ ಹೆಣ್ಣು ಕೊಡುವವರೇ ಇಲ್ಲ ಎಂದು ಪುಟ್ಟಿಯ ಅಮ್ಮ ನಗುತ್ತಿದ್ದಳು.

ಅದೇ ಬೀರುವಿನ ಕೆಳಗಿನ ಖಾನೆಯಲ್ಲಿ ಇನ್ನೊಂದು ಕುಲವಿತ್ತು. ಮಾವನಿಗಿಂತ ಮೂರು ವರ್ಷ ಮೊದಲೇ ಅದಕ್ಕೆ ಹೆಸರಿಟ್ಟವರು ಅವರ ಸಹೋದ್ಯೋಗಿ, ಎಲ್ಲರ ಬಾಯಲ್ಲಿ ಕನ್ನಡಕದವರು. ಇವೂ ಕಿತ್ತಳೆ, ಇವಕ್ಕೂ ಆರು ಕಣ್ಣು. ಆದರೆ ಗುರಾಣಿಯಿಲ್ಲದ ಮೆತ್ತನೆಯ ಹೊಟ್ಟೆ. ಸಿಕ್ಕಿದ್ದೆಲ್ಲ ಹೆಣ್ಣು. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂಬಲ್ಲಿ ಶುರುವಾದ ಜಗಳ ಬೆಳೆದು, ಇಬ್ಬರೂ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಮಾತಿಲ್ಲದೆ ಕೂತಿದ್ದರು. ಒಬ್ಬರ ಸೀಸೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಕನ್ನಡಕದವರು ತೀರಿಕೊಂಡು ಆರು ವರ್ಷವಾಗಿತ್ತು.

ಆ ವರ್ಷ ಕಟ್ಟಡದ ಹಿಂದಿನ ತರಗೆಲೆ ಜರಡಿ ಹಿಡಿಯುವಾಗ ಪುಟ್ಟಿಗೆ ಮೆತ್ತನೆ ಹೊಟ್ಟೆಯ ಒಂದು ಹೆಣ್ಣು ಜೇಡ ಜೀವಂತ ಸಿಕ್ಕಿತು. ಅದನ್ನು ಒದ್ದೆ ಮಣ್ಣು ಹಾಕಿದ ಡಬ್ಬಿಯಲ್ಲಿ ಸಾಕಿದಳು. ಅದು ಮೂರು ಮೊಟ್ಟೆಯಿಟ್ಟಿತು. ಎರಡು ಮರಿ ಬದುಕಿದವು. ಅವನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಳು. ಒಂದು ತಾಯಿಯಂತೆಯೇ ಬೆಳೆಯಿತು. ಇನ್ನೊಂದು ಗಂಡು; ಅದು ಕೊನೆಯ ಪೊರೆ ಕಳಚಿ ಈಚೆ ಬಂದಾಗ ಅದರ ಹೊಟ್ಟೆಯ ಮೇಲೂ ಕೆಳಗೂ ಗುರಾಣಿಯಿತ್ತು. ಮಾವ ಬರೆದಿದ್ದ ಚಿತ್ರದ ಪಕ್ಕ ಇಟ್ಟು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎರಡು ಕುಲವಲ್ಲ, ಒಂದೇ. ಹಾಗಾದಾಗ ಮೊದಲು ಇಟ್ಟ ಹೆಸರು ಉಳಿಯುತ್ತದೆ, ಆಮೇಲಿನದು ಬಿದ್ದುಹೋಗುತ್ತದೆ.

ಎರಡು ವಾರ ಅವಳು ಯಾರಿಗೂ ಹೇಳಲಿಲ್ಲ. ಆಮೇಲೆ ಮಾವನಿಗೆ ಫೋನ್ ಮಾಡಿ, ನೋಡುವಂಥದ್ದೊಂದಿದೆ, ಬನ್ನಿ ಎಂದಳು. ಎಪ್ಪತ್ತೆಂಟರ ಮಾವ ಮೆಟ್ಟಿಲ ಮೇಲೆ ಎರಡು ಸಲ ನಿಂತು ಸುಧಾರಿಸಿಕೊಂಡು ಬಂದರು. ಮೊದಲು ಗಂಡನ್ನು ನೋಡಿದರು, ಆಮೇಲೆ ತಾಯಿಯನ್ನು. ಬಹಳ ಹೊತ್ತು ತಲೆಯೆತ್ತಲಿಲ್ಲ. ಡಬ್ಬಿಗೆ ಹೊರಗಿನ ಮರಿ ನುಸುಳಿರಬಹುದೇ, ಮಣ್ಣನ್ನು ಮೊದಲು ಬಿಸಿ ಮಾಡಿದ್ದೆಯಾ ಎಂದು ಒಂದೊಂದಾಗಿ ಕೇಳಿದರು. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು.

"ಹಾಗಾದ್ರೆ ನನ್ನ ಕುಲ ಹೋಯ್ತು," ಎಂದರು.

"ಇನ್ನೂ ಏನೂ ಬರೆದಿಲ್ಲ ಮಾವ. ನೀವು ಬೇಡ ಅಂದ್ರೆ ಸದ್ಯಕ್ಕೆ ಹೀಗೇ ಇರ್ಲಿ."

"ಸದ್ಯಕ್ಕೆ ಅಂದ್ರೆ? ನಾನು ಸಾಯೋ ತನಕವಾ?" ಮಾವ ಡಬ್ಬಿಯ ಮುಚ್ಚಳ ಮುಚ್ಚಿದರು. "ಬರಿ. ನನ್ನ ಹೆಸರೂ ಹಾಕು."

ನಾಲ್ಕು ತಿಂಗಳು ಇಬ್ಬರೂ ಕೂತು ಸಂಶೋಧನಾ ಪ್ರಬಂಧ ಬರೆದರು. ಚಿತ್ರಗಳನ್ನೆಲ್ಲ ಮಾವನೇ ಹೊಸದಾಗಿ ಬರೆದರು. ಗೆರೆ ಸರಿಯಾಗದ ದಿನ ಪೆನ್ಸಿಲ್ ಕೆಳಗಿಟ್ಟು ಎದ್ದುಹೋಗುತ್ತಿದ್ದರು. ಒಂದು ವಾಕ್ಯಕ್ಕೆ ಮಾತ್ರ ಜಟಾಪಟಿಯಾಯಿತು. ಹಿಂದೆ ಸಾಕಷ್ಟು ಮಾದರಿಗಳು ದೊರೆತಿರಲಿಲ್ಲ ಎಂದು ಪುಟ್ಟಿ ಬರೆದಿದ್ದಳು. ಮಾವ ಅದನ್ನು ಹೊಡೆದುಹಾಕಿ, ಎರಡೂ ಒಂದೇ ಬೀರುವಿನಲ್ಲಿದ್ದವು, ಹೋಲಿಸಿ ನೋಡಲಿಲ್ಲ ಎಂದು ಬರೆದರು. ಪತ್ರಿಕೆಯ ಸಂಪಾದಕರು ಇದು ಅನಗತ್ಯ ಎಂದರು. ಮಾವ ಜಗ್ಗಲಿಲ್ಲ. ವಾಕ್ಯ ಹಾಗೆಯೇ ಅಚ್ಚಾಯಿತು.

ಅಚ್ಚಾದ ಪ್ರತಿ ಹಿಡಿದು ಮಾವ ಕನ್ನಡಕದವರ ಹೆಂಡತಿಯ ಮನೆಗೆ ಹೋದರು. ಆಕೆ ಹಾಳೆ ತಿರುವಿ, ತನಗೆ ಇದರಲ್ಲಿ ಒಂದಕ್ಷರವೂ ತಲೆಗೆ ಹೋಗುವುದಿಲ್ಲ ಎಂದರು. ಉಳಿದದ್ದು ನಿಮ್ಮವರು ಇಟ್ಟ ಹೆಸರೇ ಎಂದು ಮಾವ ವಿವರಿಸಿದರು. ಆಕೆ ಹಾಳೆ ಮಡಿಸಿಟ್ಟು ಕೇಳಿದರು:

"ಮೂವತ್ತೈದು ವರ್ಷ ಸಂಸಾರ ಮಾಡಿದೆ, ಆ ಜೇಡಾನ ಒಂದು ಸಲಾನೂ ನೋಡಿಲ್ಲ. ತೋರಿಸ್ತೀರಾ?"

ಮರುದಿನ ಆಕೆ ಬಂದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ತನ್ನ ರೆಪ್ಪೆ ಬಿಟ್ಟು ಬೇರೇನೂ ಕಾಣಿಸುತ್ತಿಲ್ಲ ಎಂದರು. ಪುಟ್ಟಿ ಕುರ್ಚಿ ಎತ್ತರಿಸಿದಳು. ಮಾವ ಪಕ್ಕದಲ್ಲಿ ನಿಂತು ತಿರುಪು ಮೆಲ್ಲಗೆ ತಿರುಗಿಸುತ್ತ, ಈಗ ಕಾಣಿಸ್ತಾ, ಈಗ, ಎಂದು ಕೇಳುತ್ತಿದ್ದರು. ಸುಮಾರು ಹೊತ್ತಿನ ಮೇಲೆ ಆಕೆ ಕಣ್ಣು ತೆಗೆಯದೆಯೇ ಕೈಯೆತ್ತಿ, ಸಾಕು, ಅಲ್ಲೇ ನಿಲ್ಲಿಸಿ ಎಂದು ಸನ್ನೆ ಮಾಡಿದರು.