ಹೇಳಿ ಹೊಡಿ

ಮೊದಲೇ ಹೇಳಿಬಿಡುತ್ತೇನೆ, ಆ ಪೆನಾಲ್ಟಿಯನ್ನು ನಾನು ಬಿಟ್ಟುಕೊಡಲಿಲ್ಲ. ಊರವರು ಏನು ಬೇಕಾದರೂ ಆಡಿಕೊಳ್ಳಲಿ. ಹದಿನೆಂಟು ವರ್ಷದಿಂದ ಚೆಂಡು ಒದ್ದೇ ಹೊಟ್ಟೆ ಹೊರೆಯುತ್ತಿದ್ದೇನೆ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೆ ಬೇಕೆಂದು ಸೋತದ್ದು ಒಂದು ಸಲವೂ ಇಲ್ಲ. ಎಂಟು ವರ್ಷದ ಮಗಳ ಜೊತೆ ಕೇರಂ ಆಡಿದರೂ ನಾನು ಕೈ ಸಡಿಲ ಬಿಡುವುದಿಲ್ಲ. "ಮಗು ಮುಂದೆ ಏನ್ರೀ ನಿಮ್ಮ ಪೌರುಷ?" ಎಂದು ಹೆಂಡತಿ ಬೈಯುತ್ತಾಳೆ. ಬೈಯಲಿ. ಮಗಳು ಎಂದಾದರೂ ಗೆದ್ದರೆ ಆವತ್ತು ನಿಜವಾಗಿ ಗೆದ್ದಿರುತ್ತಾಳೆ.

ಇದೆಲ್ಲ ಶುರುವಾದದ್ದು ಒಂದು ಶುಕ್ರವಾರ, ಅಮ್ಮನ ಹೊಲಿಗೆ ಮೆಷಿನ್ ಮುಂದೆ. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಮಾತಾಡುವಾಗ ಮೆಷಿನ್ ನಿಲ್ಲಿಸುವ ಪೈಕಿಯಲ್ಲ. ಆವತ್ತು ನಿಲ್ಲಿಸಿದಳು. ಏನೋ ಗ್ರಹಚಾರ ಕಾದಿದೆ ಅಂದುಕೊಂಡೆ.

"ಭಾನುವಾರ ನಿನಗೂ ಚಿಕ್ಕೋನಿಗೂ ಮ್ಯಾಚ್ ಅಲ್ವಾ?"

"ಹೂಂ."

"ನಿಮ್ಮ ಟೀಮಿಗೆ ಗೆದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ ಅಂತೆ. ಪೇಪರಲ್ಲಿ ಬಂದಿತ್ತು."

ಅದು ನಿಜವೇ. ಲೀಗಿನ ಕೊನೆಯ ಪಂದ್ಯ. ನಾವು ಪಟ್ಟಿಯ ನಟ್ಟನಡುವೆ ಇದ್ದೆವು, ಮೇಲೆ ಏರುವಂತೆಯೂ ಇಲ್ಲ, ಕೆಳಗೆ ಬೀಳುವಂತೆಯೂ ಇಲ್ಲ. ಆದರೆ ನನ್ನ ತಮ್ಮನ ಟೀಮು ಸೋತರೆ ಕೆಳಗಿನ ದರ್ಜೆಗೆ ಬೀಳುತ್ತಿತ್ತು. ಬಿದ್ದರೆ ಅವರ ಕ್ಲಬ್ಬಿನವರು ಅರ್ಧ ಜನರನ್ನು ಮನೆಗೆ ಕಳಿಸುವುದು ಗ್ಯಾರಂಟಿ, ಅದರಲ್ಲೂ ಮೂವತ್ತು ದಾಟಿದವರನ್ನು ಮೊದಲು. ತಮ್ಮ ಅಲ್ಲಿ ಗೋಲ್‌ಕೀಪರ್. ಅವನಿಗೆ ಮೂವತ್ತೊಂದು, ಅವನ ಹೆಂಡತಿಗೆ ಏಳು ತಿಂಗಳು. ಪಂದ್ಯ ಡ್ರಾ ಆದರೂ ಸಾಕು, ಅವರು ಉಳಿದುಕೊಳ್ಳುತ್ತಿದ್ದರು.

"ಆಡಬೇಡ ಅಂತಿಲ್ಲ ಕಣೋ," ಅಂದಳು ಅಮ್ಮ. "ಸ್ವಲ್ಪ ನೋಡ್ಕೊಂಡು ಹೊಡಿ. ಒಡಹುಟ್ಟಿದೋನು."

"ಅಮ್ಮಾ, ಚಿಕ್ಕಮ್ಮ ಪಕ್ಕದಲ್ಲೇ ಟೈಲರ್ ಅಂಗಡಿ ಇಟ್ಟರೆ, ಗಿರಾಕಿ ಅವಳ ಹತ್ರ ಹೋಗ್ಲಿ ಅಂತ ನೀನು ಬೇಕಂತ ತೋಳು ಉದ್ದ ಹೊಲೀತೀಯಾ?"

"ನನ್ನ ತಂಗಿಗೋಸ್ಕರ ಒಂದು ತೋಳೇನು, ಎರಡೂ ಉದ್ದ ಹೊಲೀತೀನಿ!"

ಇಂಥವಳ ಹತ್ತಿರ ಏನು ವಾದ ಮಾಡುವುದು? ನನಗೆ ಮೈಯೆಲ್ಲ ಉರಿಯಿತು. "ಅದು ನನ್ನ ಕೈಲಾಗಲ್ಲ" ಎಂದು ಎದ್ದೆ. "ಕಲ್ಲು ಕಣೋ ನೀನು, ಕಲ್ಲು!" ಎಂದು ಹಿಂದಿನಿಂದ ಕೂಗಿದಳು. ಗೇಟು ದಾಟುವಾಗ ಮೆಷಿನ್ ಮತ್ತೆ ಶುರುವಾಗಿತ್ತು.

ನಮ್ಮಿಬ್ಬರ ಆಟ ಹುಟ್ಟಿದ್ದು ಆ ಮನೆಯ ಹಿಂದಿನ ಓಣಿಯಲ್ಲಿ. ಅಪ್ಪ ಪೇಂಟರ್ ಆಗಿದ್ದ. ಎಲ್ಲೋ ಮಿಕ್ಕಿದ ನೀಲಿ ಬಣ್ಣ ತಂದು ಎದುರಿನ ಗೋದಾಮಿನ ಗೋಡೆಯ ಮೇಲೆ ಗೋಲ್‌ಪೋಸ್ಟ್ ಬರೆದುಕೊಟ್ಟಿದ್ದ. ಆಗ ನನಗೆ ಹನ್ನೆರಡು, ತಮ್ಮನಿಗೆ ಏಳು. ನಾನು ಹೊಡೆದದ್ದೆಲ್ಲ ಗೋಲು, ಅವನದ್ದು ದಿನಾ ಅಳು. ನೋಡಿ ನೋಡಿ ಸಾಕಾಗಿ ಅಪ್ಪ ಒಂದು ಕಾನೂನು ಮಾಡಿದ. ದೊಡ್ಡೋನು ಯಾವ ಮೂಲೆಗೆ ಅಂತ ಹೇಳಿ ಹೊಡೆಯಬೇಕು. ಸುಳ್ಳು ಹೇಳಿದರೆ ಚೆಂಡು ಒಂದು ವಾರ ಅಟ್ಟದ ಮೇಲೆ.

ಅದಕ್ಕೆ ತಮ್ಮ ತನ್ನದೂ ಒಂದು ಸೇರಿಸಿಕೊಂಡಿದ್ದ. ಹೇಳಿದ ಮೇಲೆ ಜೋರಾಗಿ ಹೊಡೆಯಬೇಕು. ಪಾಪ ಚಿಕ್ಕವನು ಎಂದು ನಾನೊಮ್ಮೆ ಮೆಲ್ಲಗೆ ಹೊಡೆದೆ. ಚೆಂಡನ್ನು ಆರಾಮಾಗಿ ಹಿಡಿದ, ಪಕ್ಕಕ್ಕಿಟ್ಟ, ನೇರ ನನ್ನ ಹತ್ತಿರ ಬಂದು ಮುಂಗೈ ಕಚ್ಚಿದ. ಹಲ್ಲಿನ ಗುರುತು ಈಗಲೂ ಇದೆ. ಅವನೆಂಥವನು ಎಂದು ನನಗೆ ಆವತ್ತೇ ಗೊತ್ತಾಯಿತು, ಅಮ್ಮನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಭಾನುವಾರ ಎಂಬತ್ತಾರನೇ ನಿಮಿಷದವರೆಗೂ ಯಾರದ್ದೂ ಗೋಲಿಲ್ಲ. ಆಗ ಅವರ ಡಿಫೆಂಡರ್ ನಮ್ಮ ಹುಡುಗನ ಕಾಲಿಗೆ ಕಾಲು ಕೊಟ್ಟು ಗೋಲಿನ ಮುಂದೆಯೇ ಬೀಳಿಸಿದ. ಪೆನಾಲ್ಟಿ. ನಮ್ಮ ಟೀಮಿನಲ್ಲಿ ಪೆನಾಲ್ಟಿ ಯಾವಾಗಲೂ ನನ್ನದೇ. ಕೋಚ್ ಗೆರೆಯ ಆಚೆಯಿಂದ ಕೈಸನ್ನೆ ಮಾಡಿದರು, ಬೇಕಾದರೆ ಬೇರೆಯವರು ಹೊಡೆಯಲಿ ಎಂದು. ಒಳ್ಳೆಯ ಮನುಷ್ಯ. ನಾನು ತಲೆ ಅಲ್ಲಾಡಿಸಿದೆ. ಬೇರೆ ಯಾರೋ ಹೊಡೆದರೆ ನನ್ನ ಮೇಲೆ ಮಾತು ಬರುವುದಿಲ್ಲ ನಿಜ, ಆದರೆ ಹಾಗೆ ನುಣುಚಿಕೊಂಡು ನನಗೆ ಅಭ್ಯಾಸವಿಲ್ಲ.

ಚೆಂಡಿಟ್ಟು ತಲೆ ಎತ್ತಿದೆ. ತಮ್ಮ ಗೆರೆಯ ಮೇಲೆ ನಿಂತು ಕೈಗವಸು ತಟ್ಟಿಕೊಂಡ.

"ಹೇಳಿ ಹೊಡಿ ಅಣ್ಣಾ!" ಎಂದು ಕೂಗಿದ.

ಅವನ ಟೀಮಿನವರು ನಕ್ಕರು, ಕೆಣಕುತ್ತಿದ್ದಾನೆ ಎಂದುಕೊಂಡು. ಬುದ್ಧಿ ಇರುವ ಯಾವ ಆಟಗಾರನೂ ಇಂಥದಕ್ಕೆ ಬಾಯಿ ಬಿಡುವುದಿಲ್ಲ, ಬಿಟ್ಟರೂ ಸುಳ್ಳೇ ಹೇಳುತ್ತಾನೆ. ನನ್ನ ಬಾಯಲ್ಲಿ ಸುಳ್ಳು ಬರಲಿಲ್ಲ. ಸೊಕ್ಕೂ ಇತ್ತು ಅನ್ನಿ. ಹೇಳಿಯೇ ಹೊಡೆಯುತ್ತೇನೆ, ತಾಕತ್ತಿದ್ದರೆ ಹಿಡಿ!

"ನನ್ನ ಬಲಕ್ಕೆ," ಅಂದೆ. "ಮೇಲೆ."

ಆಮೇಲೆ ಹೊಡೆದೆ. ಜನ್ಮದಲ್ಲಿ ಅಷ್ಟು ಜೋರಾಗಿ ಹೊಡೆದಿರಲಿಲ್ಲ. ತಮ್ಮ ತನ್ನ ಎಡಕ್ಕೆ ಹಾರಿದ, ಪೂರ್ತಿ ಮೈ ಚಾಚಿ. ಚೆಂಡು ಅವನ ಕೈಬೆರಳಿಗೆ ಬಡಿದು, ಕಂಬಕ್ಕೆ ಬಡಿದು, ಹೊರಗೆ ಹೋಯಿತು. ಒಂದು ಕ್ಷಣ ನನಗೆ ಸಿಟ್ಟು ಬಂತು, ಇನ್ನೊಂದು ಕ್ಷಣಕ್ಕೆ ಎದೆ ಉಬ್ಬಿತು. ಎರಡೂ ಸತ್ಯ, ಯಾವುದನ್ನೂ ಮುಚ್ಚಿಡುವುದಿಲ್ಲ.

ಪಂದ್ಯ ಡ್ರಾ. ಅವರು ಉಳಿದುಕೊಂಡರು. ನಮ್ಮ ಕಡೆಯ ಪ್ರೇಕ್ಷಕರು "ಮನೆ ಮಂದಿಯೆಲ್ಲ ಸೇರಿ ನಾಟಕ ಆಡಿದ್ರಲ್ಲೋ!" ಎಂದು ಕೂಗಿದರು. ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬನೂ ನನ್ನ ಮುಖ ನೋಡಲಿಲ್ಲ. ಕೋಚ್ ಬೈದಿದ್ದರೆ ಸಮಾಧಾನವಾಗುತ್ತಿತ್ತು, ಅವರು ಭುಜ ತಟ್ಟಿ ಹೋದರು.

ಸಂಜೆ ಅಮ್ಮನ ಮನೆಗೆ ಹೋದೆ. ತಮ್ಮ ಆಗಲೇ ಬಂದು, ಜಾಕೆಟ್ಟಿನ ಜೇಬಲ್ಲಿ ಕೈ ಇಟ್ಟುಕೊಂಡು, ಹಲ್ಲು ಕಿರಿಯುತ್ತಾ ಕೂತಿದ್ದ. ನಾನು ಚಪ್ಪಲಿ ಬಿಡುವುದರೊಳಗೆ ಅಮ್ಮ ಓಡಿಬಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು.

"ನನ್ನ ಮಾತು ಉಳಿಸಿದೆ ಕಣಪ್ಪಾ! ಬಾಯಲ್ಲಿ ಹಾಗಂದ್ರೂ ಕರುಳು ಬಿಡುತ್ತಾ? ಕಲ್ಲು ಅಂದ್ಬಿಟ್ನಲ್ಲ ನಿನ್ನ!"

ತಮ್ಮನ ನಗು ನಿಂತಿತು. "ಯಾವ ಮಾತು?"

"ಏನಿಲ್ಲ ಕಣೋ, ಸ್ವಲ್ಪ ನೋಡ್ಕೊಂಡು ಹೊಡಿ ಅಂದಿದ್ದೆ..."

ಅವನು ಮೆಲ್ಲಗೆ ಎದ್ದ. ಮುಖ ಬಿಳಿಚಿಕೊಂಡಿತ್ತು. "ಅದಕ್ಕೇನಾ ಮೂಲೆ ಹೇಳಿದ್ದು?"

"ನೀನು ಕೇಳಿದೆ, ನಾನು ಹೇಳಿದೆ. ಯಾವತ್ತು ಹೇಳಿಲ್ಲ ನಾನು?"

"ಹದಿಮೂರು ವರ್ಷದಲ್ಲಿ ಇಂಥದ್ದೊಂದು ಹಿಡಿದಿಲ್ಲ ಅಂತ ಮೆರೀತಿದ್ದೆನಲ್ಲ ಅಣ್ಣಾ. ನನ್ನ ಹೆಂಡತಿಗೆ ಫೋನ್ ಮಾಡಿ ಹೇಳ್ಕೊಂಡು ಅತ್ತುಬಿಟ್ಟೆ. ನೀನು ಭಿಕ್ಷೆ ಹಾಕಿದ್ಯಾ?"

ಕಚ್ಚಿದ್ದರೆ ಇದಕ್ಕಿಂತ ಕಡಿಮೆ ನೋಯುತ್ತಿತ್ತು. ನಾನು ಇಲ್ಲ ಇಲ್ಲ ಅಂದಷ್ಟೂ ಅಮ್ಮ, ಗೊತ್ತು ಬಿಡು ಎನ್ನುವಂತೆ, ಕಣ್ಣು ಮಿಟುಕಿಸುತ್ತಿದ್ದಳು. ಅವನು ಬಾಗಿಲ ಕಡೆ ಹೊರಟೇಬಿಟ್ಟ. ಹೋಗಲು ಬಿಟ್ಟರೆ ಅವನು ಮತ್ತೆ ಈ ಮನೆಯ ಹೊಸ್ತಿಲು ತುಳಿಯುವವನಲ್ಲ. ತಡೆಯಲು ಅವನ ಎಡಗೈ ಹಿಡಿದು ಎಳೆದೆ.

"ಅಯ್ಯಯ್ಯೋ!" ಎಂದು ಕಿರುಚಿ ಅರ್ಧಕ್ಕೆ ಬಗ್ಗಿಬಿಟ್ಟ.

ಜೇಬಿನಿಂದ ಕೈ ಹೊರಗೆ ಬಂತು. ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು, ಉಳಿದ ಕೈ ಬದನೆಕಾಯಿಯಂತೆ ಊದಿ ಬಣ್ಣ ತಿರುಗಿತ್ತು. ಅಮ್ಮ ಗಾಬರಿಯಾಗುತ್ತಾಳೆ ಎಂದು ಮುಚ್ಚಿಟ್ಟುಕೊಂಡಿದ್ದ, ಮಹಾರಾಯ. ನಾನು ಆ ಕೈಯನ್ನು ಹೊಲಿಗೆ ಮೆಷಿನ್ನಿನ ದೀಪದ ಕೆಳಗೆ ಇಟ್ಟೆ.

"ಡಾಕ್ಟರ್ ಏನಂದ್ರು?"

"ಎರಡೂ ಮುರಿದಿವೆ."

"ನೋಡ್ಕೊಂಡು ಹೊಡೆದ ಚೆಂಡು ಬೆರಳು ಮುರಿಯುತ್ತೇನೋ? ನೀನೇ ಹೇಳು! ಅಮ್ಮಾ, ನೀನೂ ನೋಡು!"

ತಮ್ಮ ತನ್ನ ಬೆರಳುಗಳನ್ನು ಈಗಷ್ಟೇ ಕಂಡವನಂತೆ ನೋಡಿದ. ಅಮ್ಮ ಬೆರಳು ನೋಡಿದಳು, ನನ್ನನ್ನು ನೋಡಿದಳು. ಕೆನ್ನೆ ಹಿಡಿದಿದ್ದ ಕೈ ಮೇಜಿನ ಮೇಲಿದ್ದ ಮರದ ಸ್ಕೇಲಿಗೆ ಹೋಯಿತು.

"ಪಾಪಿ! ಹುಡುಗನ ಕೈ ಮುರಿದು ಹಾಕಿದ್ಯಲ್ಲೋ! ಕಲ್ಲು! ಕಲ್ಲೇ ನೀನು!" ಬೆನ್ನ ಮೇಲೆ ಛಟೀರೆಂದು ಒಂದು ಬಿತ್ತು.

ತಮ್ಮ ನಗತೊಡಗಿದ. ಮುರಿದ ಕೈ ಎದೆಗೆ ಒತ್ತಿಕೊಂಡು, ಕಣ್ಣೀರು ಸುರಿಸಿಕೊಂಡು ನಕ್ಕ. "ಅಮ್ಮಾ, ಎಲ್ಲಿಗೆ ಅಂತ ಹೇಳಿ ಹೊಡಿ!"

ತಪ್ಪಿಸಿಕೊಳ್ಳಲು ಕೋಣೆಯಲ್ಲಿ ಬೇಕಾದಷ್ಟು ಜಾಗವಿತ್ತು. ನಾನು ಬೆನ್ನು ಕೊಟ್ಟು ನಿಂತೆ.